‘ಟು’ ಹಾಕಿದ್ದಕ್ಕೆ ವಾರ್ನಿಂಗ್ ಲೆಟರ್

ಮೊನ್ನೆ ಭಾನುವಾರ ನಮ್ಮ ಮನೆ ಮಹಡಿ ರೂಮಿನ ಹುಡುಗ ಒಂದು ಕಾಗದ ಹಿಡಿದುಕೊಂಡು ಕೆಳಗೆ ಬಂದ. ಶಿರಾ ಕಡೆಯವನು. ಐಟಿಐ ಮುಗಿಸಿ ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮಷೀನ್ ನಡೆಸುತ್ತಾನೆ. ಕಾಗದ ಅಂದರೆ ವಾರ್ನಿಂಗ್ ಲೆಟರ್. “ಅಣ್ಣಾ, ನಾನು ಒಪ್ಕೊಂಡೇ ಇಲ್ಲ. ಒಪ್ಕೊಂಡಿದೀನಿ ಅಂತ ಬರ್ದವ್ರೆ, ನೋಡಿ” ಅಂದ.

ಆಗಿದ್ದಿಷ್ಟು. ಒಂದು ರಾತ್ರಿ ಕೂಲೆಂಟ್ ಪಂಪ್ ಸುಮ್ಮನೆ ಓಡುತ್ತಲೇ ಇದ್ದು ಮೋಟರ್ ಸುಟ್ಟುಹೋಗಿದೆ. ಅವತ್ತು ಕೊನೆಯ ಶಿಫ್ಟ್ ಇವನದು. ಇಂಗ್ಲಿಷಿನಲ್ಲಿ ಮೆಮೊ ಬಂತು, ಇಂಗ್ಲಿಷಿನಲ್ಲೇ ಉತ್ತರ ಕೊಡು ಅಂದರು. ಇವನು ಬರೆದದ್ದು ಒಂದೇ ಸಾಲು: “ಐ ರಿಮೆಂಬರ್ ಟು ಸ್ವಿಚ್ ಆಫ್ ದ ಪಂಪ್.” ಅವನ ಮನಸ್ಸಿನಲ್ಲಿದ್ದದ್ದು, ‘ಪಂಪ್ ಆಫ್ ಮಾಡಿದ್ದು ನಂಗೆ ನೆನಪಿದೆ.’ ಎಚ್.ಆರ್.ನವರು ಓದಿಕೊಂಡದ್ದು, ‘ಪಂಪ್ ಆಫ್ ಮಾಡೋದನ್ನ ನೆನಪಿಟ್ಕೊಳ್ತೀನಿ.’ ಅಂದರೆ ತಪ್ಪಾಯ್ತು ಸ್ವಾಮಿ, ಇನ್ನು ಮೇಲೆ ಹೀಗಾಗಲ್ಲ ಅಂತ! ಫೈಲಿಗೆ ವಾರ್ನಿಂಗ್ ಸೇರಿತು, ಈ ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಅವನು ನಿಜವಾಗಿ ಆಫ್ ಮಾಡಿದ್ದನೋ ಇಲ್ಲವೋ, ನಾನೇನು ನೋಡಿಲ್ಲ. ಆದರೆ ‘ಮಾಡಿದ್ದೇನೆ’ ಅಂತ ಹೇಳಹೊರಟವನ ಬಾಯಲ್ಲಿ ‘ಮಾಡಿಲ್ಲ’ ಅಂತ ಹೇಳಿಸಿದ್ದು ಒಂದು ‘ಟು’. ಅಲ್ಲಿ ‘ಸ್ವಿಚಿಂಗ್’ ಅಂತ ಇದ್ದಿದ್ದರೆ ಕತೆಯೇ ಬೇರೆ.

ಈ ‘ಟು’ ಎಲ್ಲಿಂದ ಬಂತು ಅಂತ ಕೇಳಿದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ನೋಟ್‌ಬುಕ್ ತಂದು ತೋರಿಸಿದ. ಒಂದು ಪುಟದ ತುಂಬ ಕ್ರಿಯಾಪದಗಳ ಸಾಲು: ವಾಂಟ್, ಲೈಕ್, ಟ್ರೈ, ಸ್ಟಾಪ್, ರಿಮೆಂಬರ್, ಫರ್ಗೆಟ್. ಪಕ್ಕದಲ್ಲಿ ದೊಡ್ಡದಾಗಿ ‘ಪ್ಲಸ್ ಟು ಪ್ಲಸ್ ವಿ-ಒನ್’. ಅಷ್ಟೇ ಪಾಠ. ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡವಂತೆ. ಮೇಷ್ಟ್ರು ದಿನಾ ಹೇಳೋ ಮಂತ್ರ, “ಥಿಂಕ್ ಇನ್ ಇಂಗ್ಲಿಷ್.”

ನನಗೆ ಸಿಟ್ಟು ಬಂದದ್ದು ಇಲ್ಲಿ. 1882ರಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ ಶುರುವಾದ ಊರು ವೈಟ್‌ಫೀಲ್ಡ್. ಅಲ್ಲಿಯ ಮಕ್ಕಳಿಗೆ ಇಂಗ್ಲಿಷಿನಲ್ಲೇ ಯೋಚಿಸು ಅಂದಿದ್ದರೆ ಒಂದರ್ಥವಿತ್ತು, ಮನೆಮಾತೇ ಅದು. ಎಂಟು ಗಂಟೆ ನಿಂತು ಕೆಲಸ ಮಾಡಿ ಸಂಜೆ ಕ್ಲಾಸಿಗೆ ಬಂದು ಕೂತ ಶಿರಾದ ಹುಡುಗನಿಗೆ ಯಾವ ಇಂಗ್ಲಿಷಿನಲ್ಲಿ ಯೋಚಿಸು ಅಂತೀರಿ? ಇನ್ನೂ ಕಲಿಯದೇ ಇರೋ ಇಂಗ್ಲಿಷಿನಲ್ಲಾ?

ತಮಾಷೆ ಅಂದರೆ, ಅವನು ಎಡವಿದ ವ್ಯತ್ಯಾಸ ಅವನಿಗೆ ಮೂರನೇ ವರ್ಷದಿಂದಲೇ ಗೊತ್ತು. ಕನ್ನಡದಲ್ಲಿ. ನೋಡಿ:

ಬೀಗ ಹಾಕೋಕೆ ಮರೆತೆ. ಬೀಗ ಹಾಕಿದ್ದು ಮರೆತೆ. ಮೊದಲನೆಯದರಲ್ಲಿ ಬಾಗಿಲು ಬಿರ್ರನೆ ತೆರೆದಿದೆ. ಎರಡನೆಯದರಲ್ಲಿ ಬೀಗ ಬಿದ್ದಿದೆ, ನಾನು ಅರ್ಧ ದಾರಿಯಿಂದ ಸುಮ್ಮನೆ ವಾಪಸ್ ಓಡಿ ಬಂದಿದ್ದೇನೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಫರ್ಗಾಟ್ ಟು ಲಾಕ್’, ಎರಡನೆಯದು ‘ಫರ್ಗಾಟ್ ಲಾಕಿಂಗ್’.

ಟೀ ಕುಡಿಯೋಕೆ ನಿಂತ, ಟೀ ಕುಡಿಯೋದು ನಿಲ್ಲಿಸಿದ. ‘ಸ್ಟಾಪ್ಡ್ ಟು ಡ್ರಿಂಕ್’, ‘ಸ್ಟಾಪ್ಡ್ ಡ್ರಿಂಕಿಂಗ್’. ಇಂಗ್ಲಿಷಿಗೆ ಎರಡಕ್ಕೂ ಒಂದೇ ‘ಸ್ಟಾಪ್’ ಸಾಕು. ನಾವು ನಿಲ್ಲು-ನಿಲ್ಲಿಸು ಅಂತ ಕ್ರಿಯಾಪದವನ್ನೇ ಬದಲಾಯಿಸಿ ಇನ್ನೂ ಸ್ಪಷ್ಟವಾಗಿ ಹೇಳುತ್ತೇವೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಟ್ರೈ’. ಬೋಲ್ಟ್ ಬಿಚ್ಚೋಕೆ ನೋಡಿದೆ, ಆಗಲಿಲ್ಲ. ಬೋಲ್ಟ್ ಬಿಚ್ಚಿ ನೋಡಿದೆ, ಆದರೂ ಸದ್ದು ಹೋಗಲಿಲ್ಲ. ‘ಟ್ರೈಡ್ ಟು ಓಪನ್’, ‘ಟ್ರೈಡ್ ಓಪನಿಂಗ್’. ಇಷ್ಟು ಸೂಕ್ಷ್ಮವಾದ ವ್ಯತ್ಯಾಸವನ್ನು ಎಷ್ಟೋ ಎಂ.ಎ. ಇಂಗ್ಲಿಷಿನವರೂ ತಡಕಾಡಿ ಹೇಳುತ್ತಾರೆ. ನಮ್ಮ ಫಿಟ್ಟರ್ ಶಾಪ್ ಫ್ಲೋರಿನಲ್ಲಿ ದಿನಕ್ಕೆ ಹತ್ತು ಸಲ ಯೋಚಿಸದೆ ಆಡುತ್ತಾನೆ :-)

‘ಕ್ಯಾನ್ ಟು ಗೋ’ ಅಂದ ಹುಡುಗರನ್ನು ನೋಡಿ ನಗೋದು ಬಿಟ್ಟು, “ಕನ್ನಡದಲ್ಲಿ ‘ಹೋಗೋಕೆ ಬಹುದು’ ಅಂತೀಯೇನೋ?” ಅಂತ ಒಂದು ಸಲ ಕೇಳಿ ನೋಡಿ. ಅವನೇ ನಕ್ಕು ತಿದ್ದಿಕೊಳ್ಳುತ್ತಾನೆ. ಹೋಗಬಹುದು, ಹೋಗಬೇಕು ನೇರವಾಗಿ ಅಂಟಿಕೊಳ್ಳುತ್ತವೆ. ಕ್ಯಾನ್, ಮಸ್ಟ್ ಕೂಡ ಹಾಗೇ.

ಎಲ್ಲ ಕಡೆ ಕನ್ನಡ ಕೈಹಿಡಿಯುತ್ತೆ ಅಂತ ನಾನು ಬುರುಡೆ ಬಿಡೋದಿಲ್ಲ. ‘ಎಂಜಾಯ್’, ‘ಅವಾಯ್ಡ್’ ಆದಮೇಲೆ ‘ಟು’ ಬರಲ್ಲ ಅನ್ನೋದನ್ನ ಬಾಯಿಪಾಠವೇ ಮಾಡಬೇಕು. ನಮ್ಮ ‘ಬೇಕು’ ಒಂದೇ. ಇಂಗ್ಲಿಷಿನಲ್ಲಿ ಅದು ವಾಂಟ್, ನೀಡ್, ಮಸ್ಟ್ ಅಂತ ಮೂರು ಮನೆ ಮಾಡಿಕೊಂಡಿದೆ. ‘ಅವನು ಬರ್ಬೇಕು ಅಂತ ನಂಗಾಸೆ’ ಅನ್ನೋ ಜಾಡಿನಲ್ಲೇ ಹೋದರೆ ‘ಐ ವಾಂಟ್ ಹಿ ಶುಡ್ ಕಮ್’ ಅನ್ನೋ ಗುಂಡಿಗೆ ಬೀಳುತ್ತೇವೆ. ಆದರೆ ಏಣಿಯೂ ಅಲ್ಲೇ ಇದೆ: ‘ಅವನಿಗೆ ಬರೋಕೆ ಹೇಳು’, ‘ಟೆಲ್ ಹಿಮ್ ಟು ಕಮ್’. ಅದೇ ಅಚ್ಚಿನಲ್ಲಿ ‘ವಾಂಟ್ ಹಿಮ್ ಟು ಕಮ್’ ಕೂರಿಸಿ ತೋರಿಸಿದರೆ ಐದು ನಿಮಿಷದ ಕೆಲಸ. ಎಲ್ಲಿ ದಾರಿ ಒಂದೇ, ಎಲ್ಲಿ ಕವಲೊಡೆಯುತ್ತೆ ಅಂತ ಹೇಳೋಕಾದರೂ ಕ್ಲಾಸಿನಲ್ಲಿ ಕನ್ನಡ ಬೇಕಲ್ಲ!

ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ, 1903ರಲ್ಲಿ ಇಂಗ್ಲಿಷಿನಲ್ಲೇ ಕನ್ನಡದ ವ್ಯಾಕರಣ ಬರೆದ. ಇಂಗ್ಲಿಷ್ ಬಲ್ಲವನು ಕನ್ನಡ ಕಲಿಯಲಿಕ್ಕೆ ಅವನ ಭಾಷೆಯ ಆಸರೆ ಬೇಕು. ಕನ್ನಡ ಬಲ್ಲವನು ಇಂಗ್ಲಿಷ್ ಕಲಿಯಬೇಕಾದರೆ ಮಾತ್ರ ಕನ್ನಡ ಬಾಯಿ ಮುಚ್ಚಿಕೊಂಡಿರಬೇಕು. ಯಾವ ಊರ ನ್ಯಾಯ?

ಕಾರ್ಖಾನೆಯವರಿಗೂ ಒಂದು ಮಾತು. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ 9ನೇ ಕಲಮಿನಲ್ಲಿ, ನಿಯಮಗಳನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಬೋರ್ಡಿಗೆ ಹಾಕಬೇಕು ಅಂತಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಇರಲಿ. ನಿಯಮ ಓದೋಕೆ ಅವನ ಭಾಷೆ ಬೇಕು ಅಂತ ಎಂಬತ್ತು ವರ್ಷದ ಹಿಂದೆಯೇ ಹೊಳೆದಿತ್ತು. ನಿಯಮ ಮುರಿದೆ ಅಂತ ಆರೋಪ ಬಂದಾಗ ಉತ್ತರ ಕೊಡೋಕೆ ಬೇಡವೇ?

ಇನ್ನು ನಾವು, ಕನ್ನಡ ಬ್ಲಾಗಿಗರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕನ್ನಡ ಬೋರ್ಡಿಲ್ಲ, ವೈಟ್‌ಫೀಲ್ಡಿನಲ್ಲಿ ಕನ್ನಡ ಕೇಳಿಸಲ್ಲ ಅಂತ ಪುಟಗಟ್ಟಲೆ ಕುಟ್ಟಿದ್ದೇವೆ. ನಾನೂ ಕುಟ್ಟಿದ್ದೇನೆ. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಇಟ್ಟುಕೊಂಡು ಮಹಾಪ್ರಾಣ ಇರಬೇಕೋ ಬೇಡವೋ ಅಂತ ಜಗಳ ಆಡಿ ಮುಖ ತಿರುಗಿಸಿಕೊಂಡವರೂ ಇದ್ದೇವೆ. ಆದರೆ ಆ ಹುಡುಗನಿಗೆ ಅವನ ಕನ್ನಡವನ್ನೇ ಹಿಡಿದು ‘ಟು’ ವಿವರಿಸುವ ಒಂದು ಪುಟವನ್ನು ನಮ್ಮಲ್ಲಿ ಎಷ್ಟು ಜನ ಬರೆದಿದ್ದೇವೆ? ನಾನಂತೂ ಇವತ್ತಿನವರೆಗೆ ಬರೆದಿರಲಿಲ್ಲ.

ಅವನ ಹೊಸ ಉತ್ತರವನ್ನು ಇಬ್ಬರೂ ಕೂತು ಬರೆದೆವು, ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ನಾಳೆ ಕೊಡುತ್ತಾನೆ. ತಗೋತಾರೋ ಇಲ್ಲವೋ ನೋಡಬೇಕು. ಅಷ್ಟರಲ್ಲಿ ನಿಮ್ಮಿಂದ ಒಂದು ಸಹಾಯ. ನಾನು ಕೊಟ್ಟ ಜೋಡಿಗಳೆಲ್ಲ ಈ ಕಡೆಯ ‘ಮಾಡೋಕೆ’ ಕನ್ನಡ. ಅವನ ರೂಮಿನಲ್ಲಿರೋ ಇನ್ನಿಬ್ಬರು ರಾಯಚೂರಿನವರು, ಅವರದು ‘ಮಾಡಾಕ’. ಮಂಗಳೂರಿನವರು ‘ಮಾಡ್ಲಿಕ್ಕೆ’ ಅಂತೀರಿ. ‘ಬಿಚ್ಚೋಕೆ ನೋಡಿದೆ, ಬಿಚ್ಚಿ ನೋಡಿದೆ’ ಥರದ ಜೋಡಿಗಳು ನಿಮ್ಮೂರಲ್ಲಿ ಹೇಗಿವೆ? ಬರೆದು ತಿಳಿಸಿ, ಅವರ ನೋಟ್‌ಬುಕ್ಕಿಗೆ ಸೇರಿಸುತ್ತೇನೆ.