ಹಾಡು ಅವ್ರದು, ರೊಕ್ಕ ಇವ್ರದು

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಗುಡುಗುವಾಗ ನಾನು ಮುನಿರಾಬಾದ್‌ನಲ್ಲಿ ಪಿಯುಸಿ ಪುಸ್ತಕ ಹಿಡಿದು ಕೂತಿದ್ದೆ. ಟಿಕೆಟ್‌ಗೆ ರೊಕ್ಕ ಕೇಳೋ ಧೈರ್ಯ ಆಗಿರಲಿಲ್ಲ.

ಮೊನ್ನೆ ಹುಲಿಗೆಮ್ಮನ ಹುಣ್ಣಿಮೆಗೆ ಊರಿಗೆ ಹೋದಾಗ ಅಪ್ಪನಿಗೆ 'ಆಮ್ ಐ ಈವಿಲ್' ಕೇಳಿಸಿದೆ. ಮೂಲ ಹಾಡು ಇಂಗ್ಲೆಂಡಿನ ಡೈಮಂಡ್ ಹೆಡ್ ತಂಡದ್ದು, 1980ರದು. 1984ರಲ್ಲಿ ಅದನ್ನು ನುಡಿಸಿದ ಅಮೆರಿಕದ ಮೆಟಾಲಿಕಾ ಜಗತ್ತನ್ನೇ ಗೆದ್ದಿತು. ಡೈಮಂಡ್ ಹೆಡ್ ಸಣ್ಣ ತಂಡವಾಗಿಯೇ ಉಳಿಯಿತು.

"ಹಾಡು ಅವ್ರದು, ರೊಕ್ಕ ಇವ್ರದು. ಇದೆಲ್ಲಿ ನ್ಯಾಯನೋ?" ಅಂದರು ಅಪ್ಪ.

ಮೂಲದವರಿಗೂ ರಾಯಧನ ಹೋಗುತ್ತೆ ಅಂದೆ. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ 1981ರಲ್ಲಿ, ಹದಿನೇಳನೇ ವಯಸ್ಸಿಗೇ, ಆ ತಂಡವನ್ನು ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಿದ್ದನ್ನೂ ಹೇಳಿದೆ. ನನಗೋ ಅದೇ ವಯಸ್ಸಿಗೆ ಬೆಂಗಳೂರೇ ದೂರ.

ಅಪ್ಪ ಸುಮ್ಮನಿದ್ದು, "ನೀ ಕೇಳಿದ್ರ ನಾ ಕಳಸ್ತಿದ್ದೆಲ್ಲೋ" ಅಂದರು.

ಈಗ ಹೇಳ್ತಾರೆ!