ಹದಿನಾರನೇ ದಿನದ ಮಾತ್ರೆ

ಎರಡು ವಾರ ಆಫ್ರಿಕಾದ ಹಳ್ಳಿಗೆ ಹೋಗಿ, ಮಕ್ಕಳನ್ನ ಎತ್ಕೊಂಡು ಫೋಟೋ ಹಾಕುವ ಬಿಳಿಯರನ್ನು ನೋಡಿ ನಾವು ನಗ್ತೀವಿ. ನಮ್ಮ ಆಫ್ರಿಕಾ ಕನಕಪುರ ರಸ್ತೆಯಲ್ಲೇ ಇದೆ. ಶನಿವಾರ ಬೆಳಿಗ್ಗೆ ಜೆಪಿ ನಗರದಿಂದ ನಮ್ಮ ಆಫೀಸಿನ ಟಿಟಿ ಹೊರಡುತ್ತೆ. ಹಳ್ಳಿ ಶಾಲೆಯಲ್ಲಿ ಬಿಪಿ, ಶುಗರ್ ಚೆಕಪ್, ಹದಿನೈದು ದಿನದ ಮಾತ್ರೆ, ಬ್ಯಾನರ್ ಮುಂದೆ ಗ್ರೂಪ್ ಫೋಟೋ. ಸಂಜೆಗೆ ವಾಪಸ್.

ಹದಿನಾರನೇ ದಿನ ಆ ಅಜ್ಜಿ ಏನು ನುಂಗಬೇಕು?

‘ಏನೂ ಮಾಡದೇ ಇರೋದಕ್ಕಿಂತ ವಾಸಿ ಅಲ್ವಾ?’ ಅಂತಾರೆ. ಅಲ್ಲ ಸ್ವಾಮಿ. ಬಿಪಿ ಮಾತ್ರೆ ದಿನಾ ತಗೊಳ್ಳುವಂಥದ್ದು. ಕಾಯಿಲೆ ಇದೆ ಅಂತ ಹೆದರಿಸಿ, ಮಾತ್ರೆ ಎಲ್ಲಿ ಸಿಗುತ್ತೆ ಅಂತ ಹೇಳದೆ ಬಸ್ ಹತ್ತೋದು ಯಾವ ಸೇವೆ?

ಬೆಂಗಳೂರಲ್ಲೇ ಡಾಕ್ಟರಿಕೆ ಓದಿದ ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ಸೋಲಿಗರ ಜೊತೆ ಅಲ್ಲೇ ಉಳಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. 1986ರಲ್ಲಿ ಶುರುವಾದ ಅವರ ಕರುಣಾ ಟ್ರಸ್ಟ್ ಯಳಂದೂರಿನಲ್ಲಿ ಮೊದಲು ಕೈಹಾಕಿದ್ದು ಕುಷ್ಠರೋಗಕ್ಕೆ. ಅದರ ಔಷಧಿ 6 ತಿಂಗಳು, ಕೆಲವರಿಗೆ 12 ತಿಂಗಳು ಬಿಡದೆ ಕೊಡಬೇಕು. ಕ್ಯಾಂಪಿನಲ್ಲಿ ಆಗುವ ಕೆಲಸವಾ ಅದು? 1996ರಲ್ಲಿ ಸರ್ಕಾರದ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸೋಕೆ ತಗೊಂಡರು. ಬೋರ್ಡು ಸರ್ಕಾರದ್ದೇ, ಬಾಗಿಲು ಮಾತ್ರ ತೆರೆದಿರುತ್ತೆ.

ನೀವೂ ಕೆಲಸ ಬಿಟ್ಟು ಬೆಟ್ಟ ಹತ್ತಿ ಅಂತಿಲ್ಲ, ಇಎಂಐ ನನಗೂ ಇದೆ. ಟಿಟಿ ಬಾಡಿಗೆ, ಟೀಶರ್ಟು, ಬ್ಯಾನರ್, ಊಟ ಎಲ್ಲಾ ಸೇರಿಸಿದ್ರೆ ಹಳ್ಳಿಯಲ್ಲೇ ಇರುವ ಒಬ್ಬ ನರ್ಸಿಗೆ ಎಷ್ಟು ತಿಂಗಳ ಸಂಬಳ ಆಗುತ್ತೆ ಅಂತ ಎಚ್‌ಆರ್‌ಗೆ ಬರೆದೆ. ಮುಂದಿನ ಕ್ಯಾಂಪಿಗೆ ನನ್ನ ಟೀಶರ್ಟ್ ಸೈಜ್ ಎಷ್ಟು ಅಂತ ಮೇಲ್ ಬಂದಿದೆ.