ಮನೆಯ ಲೆಕ್ಕ ಬಂಕಿನಲ್ಲಿ ತಪ್ಪಿದಾಗ

2012ರ ಜೂನ್ ತಿಂಗಳಲ್ಲಿ ನಾನೊಂದು ಡೀಸೆಲ್ ಕಾರು ಕೊಂಡೆ. ಹಿಂದಿನ ತಿಂಗಳಷ್ಟೇ ಪೆಟ್ರೋಲ್ ಬೆಲೆ ಒಂದೇ ಏಟಿಗೆ ಲೀಟರಿಗೆ ಏಳೂವರೆ ರೂಪಾಯಿಯಷ್ಟು ಏರಿ ಮಧ್ಯಮವರ್ಗವನ್ನು ಕಂಗೆಡಿಸಿತ್ತು. ಪೆಟ್ರೋಲಿಗೂ ಡೀಸೆಲ್ಲಿಗೂ ನಡುವಣ ಅಂತರ ಮೂವತ್ತು ರೂಪಾಯಿಯ ಗಡಿ ಮುಟ್ಟಿತ್ತು. ಡೀಸೆಲ್ ಮಾದರಿಗೆ ಲಕ್ಷ ರೂಪಾಯಿ ಹೆಚ್ಚು ಕೊಡಬೇಕಾದರೂ ಮೂರು ವರ್ಷದಲ್ಲಿ ಅದು ಕೈಸೇರುತ್ತದೆ ಎಂದು ಮಾರಾಟಗಾರ ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸಿದ್ದ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಆ ಅಂತರವನ್ನು ಸೃಷ್ಟಿಸಿದ್ದುದು ಸರ್ಕಾರ, ಅದನ್ನು ಅಳಿಸುವ ಅಧಿಕಾರವೂ ಅದರದೇ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು.

2010ರ ಜೂನ್‌ನಲ್ಲಿ ಪೆಟ್ರೋಲನ್ನು ನಿಯಂತ್ರಣದಿಂದ ಬಿಡಿಸಿದ ಕೇಂದ್ರ ಸರ್ಕಾರ, ಡೀಸೆಲ್ಲಿಗೆ ಮಾತ್ರ ಸಬ್ಸಿಡಿಯನ್ನು ಉಳಿಸಿಕೊಂಡಿತ್ತು. ರೈತನ ಪಂಪ್‌ಸೆಟ್ಟಿಗೂ ಸರಕು ಲಾರಿಗೂ ಸಲ್ಲಬೇಕಾಗಿದ್ದ ಆ ರಿಯಾಯಿತಿಯಲ್ಲಿ ನನ್ನಂತಹ ಕಾರಿನವರು ಪಾಲು ಪಡೆದೆವು. 2013ರ ಜನವರಿಯಿಂದ ಡೀಸೆಲ್ ಬೆಲೆ ತಿಂಗಳಿಗೆ ಐವತ್ತು ಪೈಸೆಯಂತೆ ಏರತೊಡಗಿತು; 2014ರ ಅಕ್ಟೋಬರ್‌ನಲ್ಲಿ ಅದೂ ನಿಯಂತ್ರಣಮುಕ್ತವಾಯಿತು. ಅಷ್ಟರಲ್ಲಿ ಮೂವತ್ತು ರೂಪಾಯಿಯ ಅಂತರ ಅರ್ಧಕ್ಕಿಂತ ಕೆಳಗಿಳಿದಿತ್ತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಬೇಕಿದ್ದ ಕಾರು ಬೆಂಗಳೂರಿನ ವಾಹನ ದಟ್ಟಣೆಗೆ ಅಂಜಿ ಅದರರ್ಧವೂ ಓಡಲಿಲ್ಲ. ಮೂರು ವರ್ಷದಲ್ಲಿ ಬರಬೇಕಾಗಿದ್ದ ಆ ಲಕ್ಷ ಎಂಟು ವರ್ಷವಾದರೂ ಪೂರ್ತಿಯಾಗಿ ಮರಳಲಿಲ್ಲ. ಸಬ್ಸಿಡಿ ಹೋದುದರ ಬಗ್ಗೆ ನನಗೆ ದೂರಿಲ್ಲ, ಅದು ಹೋಗಬೇಕಾದದ್ದೇ. ಹತ್ತು ವರ್ಷ ಬಾಳುವ ವಾಹನವನ್ನು ಕೊಳ್ಳುವ ಕುಟುಂಬಕ್ಕೆ ಎರಡು ವರ್ಷ ಮುಂದಿನ ಇಂಧನ ನೀತಿಯೂ ಕಾಣುವುದಿಲ್ಲವೆಂಬುದೇ ನನ್ನ ದೂರು.

ಇಂಧನ ದುಬಾರಿಯಾದರೆ ಜನ ಅದನ್ನು ಕಡಿಮೆ ಬಳಸುತ್ತಾರೆ ಎಂದು ಅರ್ಥಶಾಸ್ತ್ರದ ಪಠ್ಯ ಹೇಳುತ್ತದೆ. ಗೃಹಿಣಿಯ ಖರ್ಚಿನ ಪುಸ್ತಕ ಬೇರೆಯದನ್ನೇ ಹೇಳುತ್ತದೆ. ಕಚೇರಿಗೆ ಹೋಗುವ ದಾರಿ ಬೆಲೆಯೇರಿತೆಂದು ಮೊಟಕಾಗುವುದಿಲ್ಲ. ಮಗುವಿನ ಶಾಲೆ ಮನೆಯ ಹತ್ತಿರಕ್ಕೆ ಬರುವುದಿಲ್ಲ. ಆದ್ದರಿಂದ ಪೆಟ್ರೋಲಿನ ಬಾಬ್ತು ಹಾಗೆಯೇ ಉಳಿದು, ಹಣ್ಣು, ತುಪ್ಪ, ಪುಸ್ತಕ, ಬೇಸಿಗೆ ರಜೆಯ ಪ್ರವಾಸ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಶಾಲಾ ವಾಹನದ ಶುಲ್ಕ ಏರುತ್ತದೆ. ಕೋಲಾರದಿಂದ ಬರುವ ಟೊಮೆಟೊ ತನ್ನ ಲಾರಿ ಬಾಡಿಗೆಯನ್ನು ಜೊತೆಗೇ ಹೊತ್ತು ತರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿ. ಆದರೆ ಹಾಸಿಗೆಯೇ ತಿಂಗಳು ತಿಂಗಳಿಗೂ ಗಿಡ್ಡವಾಗುತ್ತಿದ್ದರೆ ಮಾಡುವುದೇನು?

ಪೆಟ್ರೋಲ್ ತೆರಿಗೆ ಕಾರಿರುವ ಉಳ್ಳವರ ಮೇಲಿನ ತೆರಿಗೆ ಎಂಬ ವಾದವೊಂದಿದೆ. ಲೀಟರಿಗೆ ನೂರು ರೂಪಾಯಿಯೆಂಬ ಸರಳ ದರವನ್ನಿಟ್ಟುಕೊಂಡೇ ಅದನ್ನು ಪರೀಕ್ಷಿಸೋಣ. ದಿನಕ್ಕೆ ನಲವತ್ತು ಕಿಲೋಮೀಟರಿನಂತೆ ಇಪ್ಪತ್ತೈದು ದಿನ ಕಾರಿನಲ್ಲಿ ಕಚೇರಿಗೆ ಹೋಗಿಬರುವವರು, ಲೀಟರಿಗೆ ಹದಿನೈದು ಕಿಲೋಮೀಟರ್ ಸಿಕ್ಕರೆ, ತಿಂಗಳಿಗೆ ಸುಮಾರು 67 ಲೀಟರ್ ಸುಡುತ್ತಾರೆ. ಮನೆ ಮನೆಗೆ ಊಟ ತಲುಪಿಸುವ ಯುವಕ ದಿನಕ್ಕೆ ನೂರು ಕಿಲೋಮೀಟರಿನಂತೆ ಇಪ್ಪತ್ತಾರು ದಿನ ದುಡಿದರೆ, ಲೀಟರಿಗೆ ನಲವತ್ತೈದು ಕಿಲೋಮೀಟರ್ ಕೊಡುವ ಸ್ಕೂಟರಿಗೂ 58 ಲೀಟರ್ ಬೇಕು. ಇಬ್ಬರೂ ತೆರುವ ತೆರಿಗೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಒಬ್ಬರಿಗೆ ಅದು ಸಂಬಳದ ಒಂದು ಸಣ್ಣ ಪಾಲು. ಇನ್ನೊಬ್ಬನಿಗೆ ದುಡಿಮೆಯ ಬಂಡವಾಳವೇ ಕರಗಿದಂತೆ. ಅವನ 5,800 ರೂಪಾಯಿ ಖರ್ಚಿನಲ್ಲಿ ಲೀಟರಿಗೆ ಮೂರು ರೂಪಾಯಿ ಏರಿದರೆ ತಿಂಗಳಿಗೆ 174 ರೂಪಾಯಿ ಹೆಚ್ಚು. ಆ ಮೊತ್ತ ಅವನ ಮನೆಗೆ ಮೂರು ನಾಲ್ಕು ದಿನದ ಹಾಲು.

ಇನ್ನು ಬೆಲೆಯನ್ನು ಅಂತರರಾಷ್ಟ್ರೀಯ ಮಾರುಕಟ್ಟೆ ನಿರ್ಧರಿಸುತ್ತದೆ ಎಂಬ ಮಾತು. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚಿನ ಪಾಲು ಆಮದಾಗುವುದರಿಂದ ಇದರಲ್ಲಿ ಸತ್ಯವಿದೆ. ಪಶ್ಚಿಮ ಏಷ್ಯಾದಲ್ಲಿ ಕಾದಾಟದ ಸುದ್ದಿ ಬಂದಾಗಲೆಲ್ಲ ನಮ್ಮ ಎದೆ ನಡುಗುವುದೂ ಅದಕ್ಕೇ. ಆದರೆ ಅದು ಅರ್ಧಸತ್ಯ. ಕೊರೊನಾ ಕಾಲದ 2020ರಲ್ಲಿ ಕಚ್ಚಾ ತೈಲ ನೆಲಕಚ್ಚಿದಾಗ, ಪೆಟ್ರೋಲಿನ ಮೇಲಿನ ಕೇಂದ್ರ ಅಬಕಾರಿ ಸುಂಕ 19.98 ರೂಪಾಯಿಯಿಂದ ಎರಡೇ ತಿಂಗಳೊಳಗೆ 32.98 ರೂಪಾಯಿಗೆ ಏರಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಬಂಕಿನಲ್ಲಿ ನಿಜವಾಯಿತು. ಮರುವರ್ಷದ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿತು. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಸುಂಕ ಇಳಿದದ್ದನ್ನೂ ಹೇಳಬೇಕು.

ರಾಜ್ಯವೂ ಹಿಂದೆ ಬಿದ್ದಿಲ್ಲ. 2024ರ ಜೂನ್‌ನಲ್ಲಿ, ಲೋಕಸಭಾ ಚುನಾವಣೆ ಮುಗಿದ ಬೆನ್ನಿಗೆ, ಕರ್ನಾಟಕ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆಯನ್ನು ಶೇ 21.17ಕ್ಕೆ ಒಯ್ದಿತು. 2017ರ ಜೂನ್‌ನಿಂದ ಬೆಲೆ ಪ್ರತಿದಿನ ಪರಿಷ್ಕರಣೆಯಾಗಬೇಕೆಂಬ ನಿಯಮವಿದ್ದರೂ, 2018ರ ಕರ್ನಾಟಕ ವಿಧಾನಸಭಾ ಚುನಾವಣೆಗೆ ಮುನ್ನ ಸುಮಾರು ಮೂರು ವಾರ ಬೆಲೆ ಕದಲಲಿಲ್ಲ. ಮತದಾನ ಮುಗಿದ ಎರಡನೆಯ ದಿನ ಏರತೊಡಗಿತು. ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು ಪಕ್ಷ. ಬಂಕಿನ ಮುಂದೆ ನಿಂತವನಿಗೆ ಇಬ್ಬರ ಜೇಬೂ ಒಂದೇ.

ವಾಹನದ ಆಯ್ಕೆಯ ವಿಷಯದಲ್ಲೂ ಇದೇ ಗೊಂದಲ. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಕೊಳ್ಳುವುದು ಅಗ್ಗವಾಯಿತು. ಓಡಿಸಲು ಬೇಕಾದ ಇಂಧನ ಮಾತ್ರ ಜಿಎಸ್‌ಟಿಯ ಹೊರಗೇ ಉಳಿಯಿತು. ಅದೇ ವರ್ಷದ ಜನವರಿಯಲ್ಲಿ ಬಿಎಂಟಿಸಿ ಬಸ್ ದರ ಶೇ 15ರಷ್ಟು ಏರಿತ್ತು. ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಜಿಗಿದಿತ್ತು. ಕಾರು ಕೊಳ್ಳಿ ಎಂದು ಒಂದು ಕೈ ಕರೆಯುತ್ತದೆ, ಬಸ್ಸು ಹತ್ತಬೇಡಿ ಎಂದು ಇನ್ನೊಂದು ಕೈ ತಡೆಯುತ್ತದೆ. 2023ರ ಶಕ್ತಿ ಯೋಜನೆ ಮಹಿಳೆಯರಿಗೆ ಉಚಿತ ಪ್ರಯಾಣ ನೀಡಿ ಲಕ್ಷಾಂತರ ಮನೆಗಳ ಭಾರ ಇಳಿಸಿತು. ಆದರೆ ಉಚಿತ ಚೀಟಿಯ ಜೊತೆಗೆ ಸಾಕಷ್ಟು ಬಸ್ಸುಗಳೂ ಬೇಕಲ್ಲವೇ?

ವಿದ್ಯುತ್ ವಾಹನವೇ ಉತ್ತರವೆನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ರಸ್ತೆಗಿಳಿದದ್ದು ಈ ಊರಿನಲ್ಲೇ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ಮೊದಲು ರೂಪಿಸಿದ ರಾಜ್ಯವೂ ನಮ್ಮದೇ. ಆದರೆ ಸ್ವಂತ ಮನೆ, ಸ್ವಂತ ಮೀಟರು, ಗಾಡಿ ನಿಲ್ಲಿಸಲು ಸ್ವಂತ ಜಾಗ ಇರುವವರಿಗೆ ಸುಲಭವಾದದ್ದು, ಮೂರನೆಯ ಮಹಡಿಯ ಬಾಡಿಗೆದಾರನಿಗೆ ಸುಲಭವಲ್ಲ. ಪೆಟ್ರೋಲಿನ ಹೊರೆ ಯಾರಿಗೆ ಹೆಚ್ಚೋ ಅವರಿಗೇ ಚಾರ್ಜಿಂಗ್ ಸೌಕರ್ಯ ದೂರ.

ನಾನು ಕೇಳುವುದು ಅಗ್ಗದ ಪೆಟ್ರೋಲನ್ನಲ್ಲ. ಈ ನಗರದ ಗಾಳಿಯನ್ನು ಉಸಿರಾಡುವ ಯಾರೂ ಅದನ್ನು ಕೇಳಲಾರರು. ಮೊದಲನೆಯದಾಗಿ, ಕಚ್ಚಾ ತೈಲ ಒಂದು ಮಟ್ಟ ಮೀರಿದರೆ ತೆರಿಗೆ ತಾನಾಗಿ ಇಳಿಯುವ, ಅದು ಕುಸಿದಾಗ ಏರುವ ಲಿಖಿತ ಸೂತ್ರವೊಂದು ಬೇಕು. ಎರಡನೆಯದಾಗಿ, ಬಂಕಿನ ಪ್ರತಿ ರಸೀದಿಯಲ್ಲೂ ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಎಂಬುದನ್ನು ಮುದ್ರಿಸಲಿ. ಮೂರನೆಯದಾಗಿ, ಇಂಧನ ತೆರಿಗೆಯ ನಿರ್ದಿಷ್ಟ ಪಾಲನ್ನು ಬಸ್ಸುಗಳಿಗೂ ಬಡಾವಣೆಯ ಚಾರ್ಜಿಂಗ್ ಕೇಂದ್ರಗಳಿಗೂ ಕಾನೂನಿನಲ್ಲೇ ಮೀಸಲಿಡಲಿ. ತೆರುವ ತೆರಿಗೆ ಕಣ್ಣೆದುರಿನ ಬಸ್ಸಾಗಿ ಬಂದು ನಿಂತರೆ ಜನ ಗೊಣಗದೆ ಕೊಟ್ಟಾರು.

ನನ್ನ ಡೀಸೆಲ್ ಕಾರು ಈಗಿಲ್ಲ. ಅದಕ್ಕೆ ಬದಲಾಗಿ ಏನು ಕೊಳ್ಳಬೇಕೆಂದು ಮನೆಯಲ್ಲಿ ಚರ್ಚೆ ನಡೆದಾಗ, ಹಳೆಯ ಕಡತದಲ್ಲಿ ಮಾರಾಟಗಾರನ ಆ ಚೀಟಿ ಸಿಕ್ಕಿತು. ಕೂಡಿಸಿ ಕಳೆದದ್ದೆಲ್ಲ ಇಂದಿಗೂ ಸರಿಯಾಗಿಯೇ ಇದೆ. ಸರ್ಕಾರದ ಮನಸ್ಸಿಗೆಂದು ಅದರಲ್ಲಿ ಒಂದು ಸಾಲು ಬಿಟ್ಟಿರಲಿಲ್ಲ, ಅಷ್ಟೆ.